ಕೇಣಿ ಕಡಲತೀರಕ್ಕೆ ಪಹಣಿ ಇಲ್ಲ, ಹಾಗಂತ ಅದು ಖಾಲಿ ಜಾಗ ಅಲ್ಲ

2023ರ ನವೆಂಬರ್‌ವರೆಗೆ ಕೇಣಿ ಅನ್ನೋ ಹೆಸರು ಅಂಕೋಲಾ ಸುತ್ತಮುತ್ತಲಿನವರನ್ನು ಬಿಟ್ಟರೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಆ ತಿಂಗಳು ಕರ್ನಾಟಕ ಜಲಸಾರಿಗೆ ಮಂಡಳಿ ಅಲ್ಲಿ ಹೊಸ ಬಂದರು ಕಟ್ಟುವ ಯೋಜನೆಯನ್ನು ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ವಹಿಸಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಆರಂಭದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ದೈತ್ಯ ಸರಕು ಹಡಗುಗಳು ವರ್ಷವಿಡೀ ಬಂದು ನಿಲ್ಲಬಲ್ಲ ಆಳದ ಬಂದರು.

2025ರಲ್ಲಿ ಕೇಣಿಯ ಮೀನುಗಾರರು ಬೀದಿಗಿಳಿದರು. ಹೆಂಗಸರು ಮುಂದೆ ನಿಂತರು. ಅಂಕೋಲಾದಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಯಲ್ಲೂ ವಿರೋಧವೇ ದೊಡ್ಡದಾಗಿ ಕೇಳಿಬಂತು. ಆಮೇಲೆ ಮಾಮೂಲಿ ವಾದ ಶುರುವಾಯ್ತು. ಅಭಿವೃದ್ಧಿ ಬೇಕೋ ಬೇಡವೋ? ಪರಿಸರ ಮುಖ್ಯವೋ ಉದ್ಯೋಗ ಮುಖ್ಯವೋ?

ಈ ಎರಡು ಪ್ರಶ್ನೆಗಳ ಗಲಾಟೆಯಲ್ಲಿ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಮುಚ್ಚಿಹೋಗಿದೆ. ಕೇಣಿಯವರು ದುಡಿಯುವ ಜಾಗ ಯಾರದು? ಅದು ಯಾವ ದಾಖಲೆಯಲ್ಲಿದೆ? ಇದನ್ನು ಬಿಡಿಸಿಕೊಂಡು ನೋಡಿದರೆ ಅಲ್ಲಿನ ಜನರ ಸಿಟ್ಟು ಅರ್ಥವಾಗುತ್ತೆ. ಯಲ್ಲದಕೆರೆಯಂಥ ಬಯಲುಸೀಮೆ ಊರಿನವರಿಗೂ ಈ ಪ್ರಶ್ನೆ ಎಷ್ಟು ಹತ್ತಿರದ್ದು ಅನ್ನೋದೂ ಗೊತ್ತಾಗುತ್ತೆ.

ಊರು ಎಲ್ಲಿದೆ, ಸುತ್ತ ಏನಿದೆ

ಕರ್ನಾಟಕದ ಕರಾವಳಿಯ ಉತ್ತರ ತುದಿ ಉತ್ತರ ಕನ್ನಡ ಜಿಲ್ಲೆ. ಉತ್ತರದಿಂದ ದಕ್ಷಿಣಕ್ಕೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಅಂತ ಐದು ಕರಾವಳಿ ತಾಲೂಕುಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಂತ ನಾಲ್ಕು ದೊಡ್ಡ ನದಿಗಳು. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಕಡಲು, ನಡುವೆ ತೆಳ್ಳಗಿನ ಒಂದು ಪಟ್ಟಿ ನೆಲ. ಜಿಲ್ಲೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಕಾಡು. ಹಾಗಾಗಿ ಊರು, ಗದ್ದೆ, ಹೆದ್ದಾರಿ, ರೈಲು ಎಲ್ಲವೂ ಆ ತೆಳ್ಳಗಿನ ಪಟ್ಟಿಯಲ್ಲೇ ಹಿಡಿಸಬೇಕು.

ಕೇಣಿ ಇರೋದು ಕಾಳಿ ಮತ್ತು ಗಂಗಾವಳಿ ನಡುವೆ, ಅಂಕೋಲಾ ಪಟ್ಟಣದ ಪಕ್ಕದಲ್ಲಿ. ಸ್ವಲ್ಪ ಉತ್ತರಕ್ಕೆ ಹೋದರೆ ಬೇಲೆಕೇರಿ. ದಕ್ಷಿಣಕ್ಕೆ ಗಂಗಾವಳಿ ಅಳಿವೆ, ಅದನ್ನು ದಾಟಿದರೆ ಗೋಕರ್ಣ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕದ ಹೆಸರು ಉಳಿಸಿದ ತಾಲೂಕು ಇದು. ಮರಗಳ ತಾಯಿ ಅಂತ ನಾವೆಲ್ಲ ಕೊಂಡಾಡಿದ ತುಳಸಿ ಗೌಡ, ಹಾಲಕ್ಕಿ ಹಾಡುಗಳ ಕಣಜ ಸುಕ್ರಿ ಬೊಮ್ಮಗೌಡ, ಇಬ್ಬರೂ ಇದೇ ತಾಲೂಕಿನವರು. ದೇಶಕ್ಕೆ ಈ ಸೀಮೆ ಇಷ್ಟೆಲ್ಲ ಕೊಟ್ಟಿದೆ. ಆದರೂ ಬೆಂಗಳೂರಲ್ಲಿ ಕೂತು ನಕ್ಷೆ ಬಿಡಿಸುವವರಿಗೆ ಇದು ಬರೀ ಖಾಲಿ ತೀರವಾಗಿ ಕಾಣುತ್ತೆ.

ಬಂದರು ಯಾಕೆ ಇಲ್ಲೇ?

ಬಂದರು ಕಟ್ಟುವವರ ತರ್ಕವನ್ನೂ ನ್ಯಾಯವಾಗಿ ಹೇಳಬೇಕು. ಉತ್ತರಕ್ಕೆ ಗೋವಾದ ಮರ್ಮಗೋವಾ, ದಕ್ಷಿಣಕ್ಕೆ ನವಮಂಗಳೂರು. ಇವೆರಡರ ನಡುವಿನ ಉದ್ದದ ತೀರದಲ್ಲಿ ಭಾರೀ ಹಡಗು ನಿಲ್ಲುವ ಬಂದರು ಇಲ್ಲ. ಇತ್ತ ಬಳ್ಳಾರಿ, ಹೊಸಪೇಟೆ ಭಾಗದಲ್ಲಿ ಉಕ್ಕಿನ ಕಾರ್ಖಾನೆಗಳಿವೆ. ಅದಿರು ಇಲ್ಲೇ ಸಿಗುತ್ತೆ, ಆದರೆ ಕೋಕಿಂಗ್ ಕಲ್ಲಿದ್ದಲು ಹೊರದೇಶದಿಂದ ಬರಬೇಕು. ತಯಾರಾದ ಉಕ್ಕು ಹೊರಗೆ ಹೋಗಬೇಕು. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿದರೆ ಯಲ್ಲಾಪುರ, ಹುಬ್ಬಳ್ಳಿ, ಅಲ್ಲಿಂದ ಹೊಸಪೇಟೆ. ನಕ್ಷೆಯಲ್ಲಿ ನೇರ ದಾರಿ.

ಉದ್ಯೋಗದ ಮಾತೂ ಸುಳ್ಳಲ್ಲ. ಕಾರವಾರ, ಅಂಕೋಲಾದ ಹುಡುಗರು ಕೆಲಸಕ್ಕೆ ಗೋವಾಕ್ಕೆ ಹೋಗ್ತಾರೆ. ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಜನ ದೊಡ್ಡ ಅಭಿಯಾನವನ್ನೇ ಮಾಡಿದ್ದರು. ಇಂಥ ಕಡೆ ಸಾವಿರಾರು ಕೋಟಿಯ ಹೂಡಿಕೆ ಬರುತ್ತೆ ಅಂದರೆ ಕಿವಿ ನೆಟ್ಟಗಾಗೋದು ಸಹಜ.

ಆದರೆ 3 ಕೋಟಿ ಟನ್ ಅಂದರೆ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ. 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 82 ಸಾವಿರ ಟನ್. ಒಂದು ಪೂರ್ತಿ ಗೂಡ್ಸ್ ರೈಲು ಹೊರೋದು ಹೆಚ್ಚುಕಮ್ಮಿ 4 ಸಾವಿರ ಟನ್. ಅಂದರೆ ದಿನಕ್ಕೆ 20 ತುಂಬಿದ ರೈಲು, ಸರಕು ಇಳಿಸಿ ಖಾಲಿ ಹೋಗುವವು ಬೇರೆ. ಪೂರ್ತಿ ಲಾರಿಯಲ್ಲೇ ಸಾಗಿಸ್ತೀವಿ ಅಂದರೆ 25 ಟನ್ನಿನ ಲಾರಿಗಳು ದಿನಕ್ಕೆ 3,300 ಸುತ್ತು.

ಈಗಿರುವ ಕೊಂಕಣ ರೈಲ್ವೆ ಈ ಭಾಗದಲ್ಲಿ ಒಂಟಿ ಹಳಿ. ಬಳ್ಳಾರಿ ಕಡೆಯ ಸರಕು ರೈಲಲ್ಲಿ ಬರಬೇಕಂದರೆ ಕ್ಯಾಸಲ್‌ರಾಕ್ ಮೂಲಕ ಗೋವಾಕ್ಕೆ ಇಳಿದು ಸುತ್ತಿಕೊಂಡು ಬರಬೇಕು. ಆಗ ದಶಕಗಳಿಂದ ನಿಂತಿರುವ, ಸುಮಾರು 160 ಕಿಲೋಮೀಟರ್‌ನ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಒತ್ತಡ ಹೆಚ್ಚುತ್ತೆ. ಆ ಮಾರ್ಗ ಪಶ್ಚಿಮಘಟ್ಟದ ದಟ್ಟ ಕಾಡಿನ ನಡುವೆ ಹೋಗುವಂಥದ್ದು. ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದರೆ ಏನಾಗುತ್ತೆ ಅನ್ನೋದನ್ನು 2024ರ ಜುಲೈ 16ರಂದು ಇದೇ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕಂಡಿದ್ದೇವೆ. ಗುಡ್ಡ ಜಾರಿ ಹೆದ್ದಾರಿಯನ್ನೂ, ಚಹಾ ಅಂಗಡಿಯನ್ನೂ, ಮನುಷ್ಯರನ್ನೂ ಗಂಗಾವಳಿಗೆ ತಳ್ಳಿತು. ಅಂದರೆ ಬಂದರಿನ ಲೆಕ್ಕ ಕೇಣಿಯ ಗಡಿಯಲ್ಲಿ ಮುಗಿಯೋದಿಲ್ಲ, ಘಟ್ಟದ ಮೇಲಿನವರೆಗೂ ಹೋಗುತ್ತೆ.

ಮರಳಿನ ಮೇಲೆ ನಡೆಯುವ ಬದುಕು

ಬಯಲುಸೀಮೆಯವರಿಗೆ ಕಡಲತೀರ ಅಂದರೆ ಪ್ರವಾಸ, ಫೋಟೊ, ಸೂರ್ಯಾಸ್ತ. ಮೀನುಗಾರರ ಊರಲ್ಲಿ ಅದು ಕಣ. ರಾಗಿ ಒಕ್ಕುವ ಕಣ ಇಲ್ಲದೆ ರೈತನ ಸುಗ್ಗಿ ಹೇಗೆ ಮುಗಿಯೋದಿಲ್ಲವೋ ಹಾಗೆ.

ಏಂಡಿ ಬಲೆಯನ್ನೇ ತಗೊಳ್ಳಿ. ಕರಾವಳಿಯ ಪ್ರಸಿದ್ಧ ರಂಪಣಿಯ ಚಿಕ್ಕ ರೂಪ ಇದು. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಡ್ತಾರೆ. ಅದರ ಎರಡೂ ತುದಿ ದಡಕ್ಕೆ ಬರುತ್ತೆ. ಎರಡು ಕಡೆ ಜನ ಸಾಲಾಗಿ ನಿಂತು ನಿಧಾನಕ್ಕೆ ಎಳೀತಾರೆ. ಬಂಗುಡೆ, ತಾರ್ಲೆ, ಶೆಟ್ಲಿ, ಆ ದಿನ ಏನು ಸಿಕ್ಕರೆ ಅದು. ಎಳೆದವರಿಗೆಲ್ಲ ಪಾಲು. ಇದಕ್ಕೆ ದೊಡ್ಡ ಎಂಜಿನ್ ಬೇಡ, ಐಸ್ ಪ್ಲಾಂಟ್ ಬೇಡ. ಆದರೆ ಅಡೆತಡೆ ಇಲ್ಲದ ಉದ್ದನೆಯ ಮರಳು ತೀರ ಬೇಕೇ ಬೇಕು. ಮಧ್ಯದಲ್ಲಿ ಒಂದು ಕಲ್ಲಿನ ಗೋಡೆ ಬಂದರೆ ಈ ಬಲೆ ಬಿಡೋಕೆ ಆಗೋದಿಲ್ಲ.

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆ ಮಳೆಗಾಲದಲ್ಲಿ ಕಡಲಿಗೆ ಇಳಿಯೋದು ನಾಡದೋಣಿಯವರು. ಅವರು ದಡದಿಂದ ತುಂಬ ದೂರ ಹೋಗಲಾರರು. ಬಂದರಿನ ಹಡಗು ದಾರಿ, ಅಲೆ ತಡೆಗೋಡೆ, ಹೂಳೆತ್ತುವ ಜಾಗ ಎಲ್ಲ ಬರೋದು ಅವರ ಅದೇ ಹತ್ತಿರದ ನೀರಲ್ಲಿ.

ಇನ್ನು ಹೆಂಗಸರು. ದಡಕ್ಕೆ ಬಂದ ಮೀನು ಕೊಳ್ಳೋದು, ಬುಟ್ಟಿ ಹೊತ್ತು ಮಾರೋದು, ಉಳಿದದ್ದನ್ನು ಉಪ್ಪು ಹಾಕಿ ಮರಳಲ್ಲಿ ಒಣಗಿಸೋದು ಅವರ ಕೆಲಸ. ಆ ಒಣಮೀನೇ ಘಟ್ಟ ಹತ್ತಿ ಬಯಲುಸೀಮೆಯ ಸಂತೆಗಳಿಗೂ ಬರೋದು. ಹಳ್ಳದ ಬಾಯಲ್ಲಿ ಬಳಚು ಆರಿಸುವವರಲ್ಲೂ ಹೆಂಗಸರೇ ಹೆಚ್ಚು. ದೋಣಿ ಮತ್ತು ಬಲೆಗಾದರೂ ಒಬ್ಬ ಮಾಲೀಕ ಅಂತ ಇರ್ತಾನೆ, ನೋಂದಣಿ ಇರುತ್ತೆ. ಮೀನು ಒಣಗಿಸುವ ಮರಳಿಗೆ ಏನಿದೆ? ದಾಖಲೆಯಲ್ಲಿ ಅದು ಸರ್ಕಾರದ ಜಾಗ. ಅಲ್ಲಿ ಮೀನು ಒಣಗಿಸಿದ ಹೆಣ್ಣಿನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಕಾನೂನಿನಲ್ಲಿ ಇರುವ ಸಂದು

ಸಮಸ್ಯೆಯ ಬೇರು ಇರೋದು ಇಲ್ಲೇ. ಒಂದೊಂದೇ ಕಾನೂನು ತೆಗೆದು ನೋಡೋಣ.

ಮೊದಲನೆಯದು 2013ರ ಭೂಸ್ವಾಧೀನ ಕಾಯ್ದೆ. ಇದು ಹಳೆಯ ಕಾಯ್ದೆಗಿಂತ ಎಷ್ಟೋ ಮೇಲು. ಜಮೀನು ಇಲ್ಲದವರನ್ನೂ ಸಂತ್ರಸ್ತ ಕುಟುಂಬ ಅಂತ ಒಪ್ಪುತ್ತೆ. ಮೂರು ವರ್ಷದಿಂದ ಕಾಡು ಅಥವಾ ಜಲಮೂಲವನ್ನು ನಂಬಿ ಬದುಕಿದವರು, ಮೀನುಗಾರರು, ದೋಣಿ ನಡೆಸುವವರು ಅಂತ ಸ್ಪಷ್ಟವಾಗಿಯೇ ಬರೆದಿದೆ. ಒಂದೇ ಒಂದು ಷರತ್ತು. ಅವರ ಜೀವನೋಪಾಯಕ್ಕೆ ಪೆಟ್ಟು ಬಿದ್ದಿರೋದು 'ಭೂಸ್ವಾಧೀನದಿಂದ' ಆಗಿರಬೇಕು. ಕಡಲಿಗೆ ಚಾಚಿ ಕಟ್ಟುವ ಬಂದರುಗಳಲ್ಲಿ ಖಾಸಗಿ ಜಮೀನು ಬೇಕಾಗೋದು ಸಾಮಾನ್ಯವಾಗಿ ರಸ್ತೆಗೆ, ರೈಲಿಗೆ. ಮುಖ್ಯ ಕಾಮಗಾರಿ ನಡೆಯೋದು ಸರ್ಕಾರಿ ತೀರದಲ್ಲಿ ಮತ್ತು ನೀರಲ್ಲಿ. ಸರ್ಕಾರ ತನ್ನದೇ ಜಾಗವನ್ನು ಸ್ವಾಧೀನ ಮಾಡಿಕೊಳ್ಳೋದಿಲ್ಲ, ಗುತ್ತಿಗೆಗೆ ಕೊಡುತ್ತೆ. ಸ್ವಾಧೀನವೇ ಇಲ್ಲ ಅಂದಮೇಲೆ ಸಂತ್ರಸ್ತನೂ ಇಲ್ಲ!

ಎರಡನೆಯದು 2006ರ ಅರಣ್ಯ ಹಕ್ಕು ಕಾಯ್ದೆ. ಕಾಡಿನಲ್ಲಿ ಬದುಕುವ ಸಮುದಾಯಕ್ಕೆ ಅಲ್ಲಿನ ಕಿರು ಉತ್ಪನ್ನದ ಮೇಲೆ, ಕೆರೆ ಹೊಳೆಯ ಮೀನಿನ ಮೇಲೂ ಸಮುದಾಯ ಹಕ್ಕು ಇದೆ ಅಂತ ಅದು ಹೇಳುತ್ತೆ. ಅದೇ ಬಗೆಯ ಸಮುದಾಯ ಹಕ್ಕು ಕಡಲತೀರದವರಿಗೆ ಇಲ್ಲ. ಸಾಂಪ್ರದಾಯಿಕ ಮೀನುಗಾರರ ಹಕ್ಕಿಗಾಗಿ ಕೇಂದ್ರ ಪರಿಸರ ಸಚಿವಾಲಯ 2009ರಲ್ಲಿ ಒಂದು ಕರಡು ತಂದಿತ್ತು. ಅದು ಕಾಯ್ದೆ ಆಗಲೇ ಇಲ್ಲ.

ಮೂರನೆಯದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಎಲ್ಲರ ಬಾಯಲ್ಲೂ ಸಿಆರ್‌ಝಡ್. 1991ರಲ್ಲಿ ಮೊದಲು ಬಂತು. 2011ರಲ್ಲಿ ಬದಲಾಯ್ತು, 2019ರಲ್ಲಿ ಮತ್ತೆ ಬದಲಾಯ್ತು. ಉಬ್ಬರದ ನೀರು ಮುಟ್ಟುವ ಗೆರೆಯಿಂದ 500 ಮೀಟರ್ ಒಳಗೆ ಏನು ಮಾಡಬಹುದು, ಏನು ಮಾಡಬಾರದು ಅಂತ ಇದು ಹೇಳುತ್ತೆ. ಜನಸಂಖ್ಯೆ ಕಡಿಮೆ ಇರುವ ಹಳ್ಳಿ ತೀರದಲ್ಲಿ ಮೊದಲ 200 ಮೀಟರ್‌ನಲ್ಲಿ ಕಟ್ಟಡಗಳಿಗೆ ಕಟ್ಟುನಿಟ್ಟು. ಮೀನುಗಾರ ತನ್ನ ಮನೆ ದೊಡ್ಡದು ಮಾಡಬೇಕಂದರೂ ಕಚೇರಿಯಿಂದ ಕಚೇರಿಗೆ ಅಲೀಬೇಕು. ಬಂದರು ಹಾಗಲ್ಲ. ನೀರಿನಂಚು ಇಲ್ಲದೆ ಅದು ನಡೆಯೋದೇ ಇಲ್ಲವಲ್ಲ, ಹಾಗಾಗಿ ಅನುಮತಿ ಪಡೆದು ಕಟ್ಟಲು ಅವಕಾಶ ಇದೆ. ನೀರಿನಂಚು ಇಲ್ಲದೆ ಏಂಡಿ ಬಲೆಯೂ ನಡೆಯೋದಿಲ್ಲ. ಆದರೆ ಆ ಅಗತ್ಯವನ್ನು ಹಕ್ಕು ಅಂತ ಬರೆದುಕೊಟ್ಟಿಲ್ಲ.

ಉಳಿದಿದ್ದು 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ. ಜನ ಬಾಯಿಬಿಟ್ಟು ಮಾತಾಡಬಹುದಾದ ಮುಖ್ಯ ಜಾಗ ಇದೇ. ಮಾಲಿನ್ಯ ನಿಯಂತ್ರಣ ಮಂಡಳಿ ಅಹವಾಲು ಸಭೆ ಏರ್ಪಡಿಸುತ್ತೆ. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸ್ತಾರೆ. ಕನಿಷ್ಠ 30 ದಿನದ ನೋಟಿಸ್ ಕೊಡಬೇಕು. ಆದರೆ ಈ ಸಭೆ ಮತದಾನ ಅಲ್ಲ. ಸಾವಿರ ಜನ ಬೇಡ ಅಂದರೂ ಯೋಜನೆ ತಾನಾಗಿ ಬಿದ್ದುಹೋಗೋದಿಲ್ಲ. ಇಷ್ಟೇ ಜನ ಸೇರಬೇಕು ಅನ್ನೋ ಕೋರಂ ಕೂಡ ಇಲ್ಲ. ಹೇಳಿದ್ದನ್ನು ಬರೆದುಕೊಂಡು ತಜ್ಞರ ಸಮಿತಿಗೆ ಕಳಿಸ್ತಾರೆ, ಅಷ್ಟೇ. ಪೂರ್ತಿ ವರದಿ ಇಂಗ್ಲಿಷ್‌ನಲ್ಲಿರುತ್ತೆ, ಕನ್ನಡದಲ್ಲಿ ಕಡ್ಡಾಯವಾಗಿ ಸಿಗಬೇಕಾದ್ದು ಸಾರಾಂಶ ಮಾತ್ರ. ಯಾವ ಬಲೆ ಎಲ್ಲಿ ಬೀಳುತ್ತೆ ಅಂತ ಚೆನ್ನಾಗಿ ಬಲ್ಲವರ ಕೈಗೆ ಸಿಗೋದು ಕೆಲವು ಹಾಳೆ.

ಇದು ಬರೀ ಕರಾವಳಿಯವರ ಕಥೆಯಾ?

ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಬನ್ನಿ. ಅಲ್ಲಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ಹುಲ್ಲುಗಾವಲನ್ನು ಒಂದೂವರೆ ದಶಕದ ಹಿಂದೆ ಡಿಆರ್‌ಡಿಒ, ಬಾರ್ಕ್, ಇಸ್ರೋ, ಐಐಎಸ್‌ಸಿಯಂಥ ಸಂಸ್ಥೆಗಳಿಗೆ ಹಂಚಲಾಯಿತು. ಸುತ್ತಲಿನ ಹಳ್ಳಿಗಳ ಕುರಿ, ದನ ಮೇಯುತ್ತಿದ್ದ ನೆಲ ಅದು. ಕಂಬಳಿ ನೇಯುವವರ ಬದುಕೂ ಅದೇ ಕುರಿಗಳ ಮೇಲೆ ನಿಂತಿತ್ತು. ಗೋಡೆ ಏಳೋವರೆಗೆ ಎಷ್ಟೋ ಜನಕ್ಕೆ ವಿಷಯವೇ ತಿಳಿದಿರಲಿಲ್ಲ. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯ್ತು. ಜಮೀನು ಯಾರದು ಅಂದರೆ ಸರ್ಕಾರದ್ದು. ಅಲ್ಲಿ ಬದುಕಿದ್ದು ಯಾರು ಅನ್ನೋ ಕಲಂ ಪಹಣಿಯಲ್ಲಿ ಇಲ್ಲ.

ಕಾವಲಿಗೂ ಕಡಲತೀರಕ್ಕೂ ಇರುವ ನಂಟು ಇದೇ. ಎರಡೂ ಕಡೆ ಜಾಗ ಒಬ್ಬನದಲ್ಲ, ಊರಿನದು. ಎರಡೂ ಕಡೆ ಬಳಕೆ ಋತುವಿಗೆ ತಕ್ಕ ಹಾಗೆ. ಸರ್ವೆಯವರು ಬಂದ ದಿನ ಕುರಿ ಬೇರೆ ಕಡೆ ಹೋಗಿದ್ದರೆ ಕಾವಲು ಬರಿದಾಗಿ ಕಾಣುತ್ತೆ. ಬಲೆ ಎಳೆಯುವ ಹೊತ್ತಲ್ಲದಿದ್ದರೆ ತೀರವೂ ಹಾಗೇ.

ಇನ್ನೊಂದು ನಂಟೂ ಇದೆ, ಅದು ಅದಿರಿನದು. ಗಣಿಗಾರಿಕೆ ಉಚ್ಛ್ರಾಯದಲ್ಲಿದ್ದಾಗ ಬಳ್ಳಾರಿ ಸೀಮೆಯ ಅದಿರು ಕೇಣಿಯ ಪಕ್ಕದ ಬೇಲೆಕೇರಿ ಬಂದರಿಗೆ ಹೋಗ್ತಿತ್ತು. 2010ರಲ್ಲಿ ಅಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಲಕ್ಷಾಂತರ ಟನ್ ಅದಿರೇ ಕಾಣೆಯಾಗಿ ಹಡಗು ಹತ್ತಿತು. ಲೋಕಾಯುಕ್ತ ವರದಿಯಿಂದ ಅದು ರಾಜ್ಯದ ದೊಡ್ಡ ಹಗರಣ ಆಯ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲೂ, ಆಮೇಲೆ ಚಿತ್ರದುರ್ಗ, ತುಮಕೂರಿನಲ್ಲೂ ಗಣಿಗಾರಿಕೆ ನಿಲ್ಲಿಸಿತು. ಬೇಲೆಕೇರಿ ಪ್ರಕರಣದಲ್ಲಿ ಕಾರವಾರದ ಶಾಸಕರೂ ಸೇರಿದಂತೆ ಹಲವರಿಗೆ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ, ಹದಿನಾಲ್ಕು ವರ್ಷದ ಮೇಲೆ. ಮರು ತಿಂಗಳೇ ಹೈಕೋರ್ಟ್ ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿ ಇಟ್ಟಿತು.

2013ರ ಆಸುಪಾಸಿನಲ್ಲಿ ಗಣಿ ಮತ್ತೆ ತೆರೆದಾಗ ಚಿತ್ರದುರ್ಗ–ತುಮಕೂರು ಎರಡೂ ಜಿಲ್ಲೆ ಸೇರಿ ವರ್ಷಕ್ಕೆ 50 ಲಕ್ಷ ಟನ್ ಅಂತ ಮಿತಿ ಇತ್ತು. 2022ರಲ್ಲಿ ಆ ಮಿತಿಯನ್ನು 1.5 ಕೋಟಿ ಟನ್‌ಗೆ ಏರಿಸಲಾಯಿತು. ಘಟ್ಟದ ಕೆಳಗೆ ಬಂದರಿನ ಸಾಮರ್ಥ್ಯ ಬೆಳೆದ ಹಾಗೆ ಘಟ್ಟದ ಮೇಲೆ ಅಗೆಯುವ ಆಸೆಯೂ ಬೆಳೆಯುತ್ತೆ. ಹೊಳಲ್ಕೆರೆ, ಹೊಸದುರ್ಗದ ಗಣಿ ಧೂಳು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಕ್ಕಪಕ್ಕದವರ ಅನುಭವ

ಕೇಣಿಯವರು ಮಾತನ್ನು ಸುಲಭಕ್ಕೆ ನಂಬದಿರೋದಕ್ಕೆ ಕಾರಣ ಕಣ್ಣೆದುರಿಗೇ ಇದೆ. ಕಾರವಾರದ ಅರ್ಗಾದಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಸುಮಾರು 11 ಸಾವಿರ ಎಕರೆ, 13 ಹಳ್ಳಿ, 4 ಸಾವಿರಕ್ಕೂ ಹೆಚ್ಚು ಕುಟುಂಬ. ದೇಶದ ರಕ್ಷಣೆ ಅಂತ ಜನ ಜಾಗ ಬಿಟ್ಟರು. ನ್ಯಾಯವಾದ ಪರಿಹಾರಕ್ಕಾಗಿ ಕೋರ್ಟ್ ಅಲೆದಿದ್ದು ದಶಕಗಟ್ಟಲೆ. ಜಮೀನಿದ್ದವರಿಗೆ ತಡವಾಗಿಯಾದರೂ ದುಡ್ಡು ಬಂತು. ಕಳೆದುಹೋದ ತೀರಕ್ಕೆ ಯಾವ ದರ ಕಟ್ಟೋದು? ಅದೇ ನೌಕಾನೆಲೆಯ ವಿಮಾನ ನಿಲ್ದಾಣಕ್ಕೆ ಆಮೇಲೆ ಅಂಕೋಲಾದ ಅಲಗೇರಿ ಕಡೆಯ ಜಮೀನಿನ ಸರದಿ ಬಂತು.

ದಕ್ಷಿಣಕ್ಕೆ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಇನ್ನೊಂದು ಖಾಸಗಿ ಬಂದರಿನ ಜಗಳ ವರ್ಷಗಳಿಂದ ನಡೀತಿದೆ. ಅಲ್ಲಿ ಹೆಂಗಸರು ಒಣಮೀನು ಹರಡುವ ಮರಳಿನಲ್ಲೇ ಬಂದರಿನ ರಸ್ತೆ. ಕಡಲಾಮೆಗಳು ಮೊಟ್ಟೆ ಇಡಲು ಬರೋದೂ ಅದೇ ಮರಳಿಗೆ.

ತೀರಕ್ಕೆ ಆಗುವ ಪೆಟ್ಟು ಬಂದರಿನ ಬೇಲಿಯ ಒಳಗೇ ನಿಲ್ಲೋದಿಲ್ಲ ಅನ್ನೋದೂ ಗಮನಿಸಬೇಕು. ಅಲೆಗಳು ದಡದುದ್ದಕ್ಕೂ ಮರಳನ್ನು ಸಾಗಿಸುತ್ತಲೇ ಇರುತ್ತವೆ. ಕಡಲಿಗೆ ಅಡ್ಡ ಗೋಡೆ ಕಟ್ಟಿದರೆ ಹರಿಯುವ ಹಳ್ಳಕ್ಕೆ ಒಡ್ಡು ಹಾಕಿದ ಹಾಗೆ. ಒಂದು ಬದಿ ಮರಳು ತುಂಬುತ್ತೆ, ಇನ್ನೊಂದು ಬದಿಗೆ ಹೊಸ ಮರಳು ಬರದೆ ದಡ ಕೊರೆದುಹೋಗುತ್ತೆ. ದಕ್ಷಿಣ ಕನ್ನಡದ ಉಳ್ಳಾಲದಲ್ಲಿ ಕೊರೆತದಿಂದ ಮನೆಗಳು ಹೋದವು. ಅದನ್ನು ತಡೆಯಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಕೃತಕ ದಿಬ್ಬ ಕಟ್ಟಬೇಕಾಯ್ತು. ಅಂಥ ಖರ್ಚು ಯಾವ ಬಂದರಿನ ಲಾಭನಷ್ಟದ ಪಟ್ಟಿಯಲ್ಲೂ ಬರೋದಿಲ್ಲ. ಅದನ್ನು ಕಟ್ಟೋದು ನಾವು.

ಹಾಗಾದರೆ ಏನಾಗಬೇಕು?

ಬಂದರು ಬೇಡ ಅನ್ನುವ ಹಕ್ಕು ಕೇಣಿಯವರಿಗೆ ಇದೆ. ಬೇಕು ಅಂತ ವಾದಿಸುವ ಹಕ್ಕು ಉಳಿದವರಿಗೂ ಇದೆ. ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ 4,119 ಕೋಟಿ, ಇನ್ನೊಂದರಲ್ಲಿ ಏನೂ ಬರೆದಿಲ್ಲದ ಹಾಳೆ ಇಟ್ಟು ತೂಗಿದರೆ ಅದು ವಾದವೇ ಅಲ್ಲ. ಹಾಗಾಗಿ ಮೊದಲು ಮೂರು ಕೆಲಸ ಆಗಬೇಕು.

ಒಂದು, ತೀರದ ಬಳಕೆಯ ದಾಖಲೆ. ಯಾವ ತಿಂಗಳು ಯಾವ ಬಲೆ ಎಲ್ಲಿ ಬೀಳುತ್ತೆ, ದೋಣಿ ಎಲ್ಲಿ ನಿಲ್ಲುತ್ತೆ, ಮೀನು ಎಲ್ಲಿ ಒಣಗುತ್ತೆ, ಬಳಚು ಎಲ್ಲಿ ಸಿಗುತ್ತೆ, ಎಷ್ಟು ಹೆಂಗಸರು ಇದರಿಂದ ಉಣ್ಣುತ್ತಾರೆ. ಸಿಆರ್‌ಝಡ್ ಅಡಿ ತಯಾರಾಗುವ ಕರಾವಳಿ ನಿರ್ವಹಣಾ ಯೋಜನೆಯಲ್ಲಿ ಮೀನುಗಾರರ ವಸತಿಯ ದೀರ್ಘಕಾಲದ ಅಗತ್ಯ ಸೇರಿಸಬೇಕು ಅಂತ ನಿಯಮವೇ ಇದೆ. ದುಡಿಮೆಯ ಜಾಗವನ್ನೂ ಅದೇ ನಕ್ಷೆಯಲ್ಲಿ ಗುರುತಿಸಲಿ. ಗ್ರಾಮ ಪಂಚಾಯ್ತಿಗಳು, ಮೀನುಗಾರರ ಸಹಕಾರ ಸಂಘಗಳು ಇದನ್ನು ಸರ್ಕಾರಕ್ಕೆ ಕಾಯದೆ ಇಂದೇ ಶುರು ಮಾಡಬಹುದು. ಕಾವಲು, ಗೋಮಾಳ ಇರುವ ನಮ್ಮ ಊರುಗಳಿಗೂ ಈ ಮಾತು ಅನ್ವಯ.

ಎರಡು, ಇಡೀ ತೀರದ ಒಟ್ಟು ಲೆಕ್ಕ. ನೌಕಾನೆಲೆ, ವಿಮಾನ ನಿಲ್ದಾಣ, ಬೇಲೆಕೇರಿ, ಕೇಣಿ, ಟೊಂಕ, ಹೆದ್ದಾರಿ, ರೈಲು ಮಾರ್ಗ. ಒಂದೊಂದರ ಅಧ್ಯಯನ ಬೇರೆ ಬೇರೆ ಮಾಡಿದರೆ ಪ್ರತಿಯೊಂದೂ ಸಹಿಸಿಕೊಳ್ಳಬಹುದಾದ್ದೇ ಅನಿಸುತ್ತೆ. ತೀರ ಇರೋದು ಒಂದೇ, ಹೊರೆ ಎಲ್ಲ ಬೀಳೋದು ಅದರ ಮೇಲೇ. ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಒಂದು ಅಳಿವೆಗೆ ಜಾಗತಿಕ ಮನ್ನಣೆ ತಂದು ಪಕ್ಕದ ತೀರವನ್ನು ಲೆಕ್ಕಕ್ಕೇ ಹಿಡಿಯದಿದ್ದರೆ ಮೀನಿಗೆ ಆ ಗಡಿ ಗೊತ್ತಾಗುತ್ತಾ?

ಮೂರು, ಪೂರ್ತಿ ವರದಿ ಕನ್ನಡದಲ್ಲಿ. 2020ರಲ್ಲಿ ಪರಿಸರ ಅಧಿಸೂಚನೆಯ ಹೊಸ ಕರಡು ಬಂದಾಗ, ಸ್ಥಳೀಯ ಭಾಷೆಗಳಲ್ಲಿ ಅದನ್ನು ಕೊಟ್ಟಿಲ್ಲ ಅನ್ನೋ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಅಂತಿಮ ಪ್ರಕಟಣೆಯನ್ನು ತಡೆಹಿಡಿದಿತ್ತು. ಕರಡು ಕಾನೂನಿಗೇ ಆ ನ್ಯಾಯ ಸಲ್ಲೋದಾದರೆ, ಒಂದು ಊರಿನ ಅನ್ನದ ಪ್ರಶ್ನೆ ಇರುವ ವರದಿಗೂ ಸಲ್ಲಬೇಕು.

ಇವು ಮೂರೂ ಆದಮೇಲೂ ಬಂದರು ಬರಬಹುದು. ಆಗ ಕನಿಷ್ಠ ಪಕ್ಷ, ಕಳೆದುಕೊಳ್ಳುವವರು ಯಾರು, ಎಷ್ಟು ಅಂತ ಕಾಗದದ ಮೇಲೆ ಇರುತ್ತೆ, ಪರಿಹಾರ ಕೊಡಬೇಕಾದವರು ನುಣುಚಿಕೊಳ್ಳೋಕೆ ಆಗೋದಿಲ್ಲ. ಇವು ಆಗದೆ ಬಂದರು ಬಂದರೆ, ಮೀನು ಒಣಗಿಸುವ ಮರಳನ್ನು ಕಳೆದುಕೊಂಡ ಹೆಂಗಸು ಯಾವ ಕಚೇರಿಗೆ ಹೋದರೂ ಮೊದಲು ಕೇಳೋದು ಒಂದೇ ಪ್ರಶ್ನೆ: 'ನಿಮ್ಮ ಪಹಣಿ ಎಲ್ಲಮ್ಮಾ?'